ಸ್ಟಾರ್ಮ್ ಕಾರಿನ ಕನ್ನಡಿಗೆ ಉದ್ಯಮಬಾಗದ ಬುಡ

ಸ್ಯಾನ್ ಸ್ಟಾರ್ಮ್ ಕಾರನ್ನು ರಸ್ತೆಯಲ್ಲಿ ಕಂಡವರು ನಮ್ಮಲ್ಲಿ ಕಡಿಮೆ. 1998ರಲ್ಲಿ ಹೊರಬಂದ, ಇಬ್ಬರೇ ಕೂರಬಹುದಾದ, ಚಾವಣಿಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು ಅದು. ಎಂಜಿನ್ ರೆನೋದ್ದು, 1149 ಸಿಸಿ. ಮೈಯೆಲ್ಲ ಫೈಬರ್ ಗ್ಲಾಸ್. ಚೋರ್ಲಾ ಘಟ್ಟ ಇಳಿದರೆ ಸಿಗುವ ಗೋವಾದಲ್ಲಿ ಹುಟ್ಟಿದ ಗಾಡಿ. ಬೆಳಗಾವಿಯ ಯಾವುದೇ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರೂ "ಇದು ಯಾವ ದೇಶದ್ದು ರೀ?" ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. "ಪಕ್ಕದ ಗೋವಾದ್ದು" ಎಂದರೆ ನಾನು ಬೇಕೆಂದೇ ನಿಜ ಮುಚ್ಚಿಡುತ್ತಿದ್ದೇನೆ ಎಂಬಂತೆ ನೋಡುತ್ತಾರೆ.

ಇಂಥ ಗಾಡಿ ಇಟ್ಟುಕೊಂಡವರನ್ನು ಎಂಜಿನ್ ಅಷ್ಟಾಗಿ ಕಾಡುವುದಿಲ್ಲ. ಪಿಸ್ಟನ್, ಬೇರಿಂಗ್, ಆಯಿಲ್ ಸೀಲ್ ಎಂದರೆ ಅಳತೆ ಹಿಡಿದು ಎಲ್ಲಿಂದಲಾದರೂ ತರಿಸಬಹುದು. ಕಾಡುವುದು ಬಾಗಿಲಿನ ಹಿಡಿಕೆ, ರಬ್ಬರ್ ಬೀಡಿಂಗ್, ಕನ್ನಡಿ ಮುಂತಾದ ಕ್ಷುಲ್ಲಕ ಸಾಮಾನುಗಳು. ನನ್ನ ಕಾರಿಗೆ ಹಿಂದೊಮ್ಮೆ ಯಾವುದೋ ಬೇರೆ ಗಾಡಿಯ ಪಕ್ಕದ ಕನ್ನಡಿಗಳನ್ನು ಹಾಕಲಾಗಿತ್ತು. ಕನ್ನಡಿಯ ತಲೆ ಚೆನ್ನಾಗಿತ್ತು, ಗಾಜಿಗೆ ಒಂದು ಗೀರೂ ಇರಲಿಲ್ಲ. ಆದರೆ ಅದನ್ನು ಬಾಗಿಲಿಗೆ ಹಿಡಿದಿಟ್ಟಿದ್ದ ಬುಡ ಸತ್ತಿತ್ತು. ಅರವತ್ತು ಕಿಲೋಮೀಟರ್ ವೇಗ ದಾಟುತ್ತಿದ್ದಂತೆ ಹಿಂದಿನ ಲಾರಿ ಎರಡಾಗಿ ಕಾಣುತ್ತಿತ್ತು. ಎಂಬತ್ತು ದಾಟಿದರೆ ಲಾರಿಯೋ ಬಸ್ಸೋ ಎಂಬುದೂ ತಿಳಿಯುತ್ತಿರಲಿಲ್ಲ.

ಬೇರೆ ಕಾರಾಗಿದ್ದರೆ ಒಳಗಿನ ಕನ್ನಡಿಯಿಂದ ಹೇಗೋ ಸುಧಾರಿಸಬಹುದಿತ್ತು. ಇದರಲ್ಲಿ ಚಾವಣಿ ಎಳೆದುಕೊಂಡ ಮೇಲೆ ಹಿಂಬದಿ ಕಾಣುವುದು ಅಷ್ಟಕ್ಕಷ್ಟೆ. ಬೆಳಗಾವಿಯಲ್ಲಿ ಜೂನ್ ಹುಟ್ಟಿದರೆ ಸೆಪ್ಟೆಂಬರ್ ಮುಗಿಯುವವರೆಗೂ ಚಾವಣಿ ತೆರೆಯುವ ಮಾತೇ ಇಲ್ಲ. ಆಸನವೂ ಎಷ್ಟು ತಗ್ಗಿನಲ್ಲಿದೆಯೆಂದರೆ ಪಕ್ಕದ ಲಾರಿಯ ಚಕ್ರದ ನಟ್ಟುಗಳು ನೇರ ಕಣ್ಣಿನ ಎತ್ತರಕ್ಕೆ ಬರುತ್ತವೆ. ಹೀಗಾಗಿ ಪಕ್ಕದ ಕನ್ನಡಿ ಇಲ್ಲಿ ಅಲಂಕಾರವಲ್ಲ.

ಗ್ಯಾರೇಜುಗಳಲ್ಲಿ ಸಿಕ್ಕ ಸಲಹೆಗಳೆಲ್ಲ ಒಂದೇ ಜಾಡಿನವು. ಬೋಲ್ಟ್ ಬಿಗಿ ಮಾಡಿ. ಬಿಗಿಯಾಗದಿದ್ದರೆ ಎಂ-ಸೀಲ್ ತುಂಬಿ. ಅದೂ ಆಗದಿದ್ದರೆ ಯಾವುದಾದರೂ ಚಿಕ್ಕ ಕಾರಿನ ಹೊಸ ಕನ್ನಡಿಯನ್ನೇ ಕೂರಿಸಿ. ಬುಡದ ಕೆಳಗೆ ಏನಾಗಿದೆ ಎಂದು ನೋಡುವ ವ್ಯವಧಾನ ಯಾರಿಗೂ ಇರಲಿಲ್ಲ. ನಾನು ಹೊಟ್ಟೆಪಾಡಿಗೆ ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಕಾರ್ಖಾನೆಯೊಂದರಲ್ಲಿ ಡ್ರಾಯಿಂಗ್ ಬರೆಯುವವನು. ಒಂದು ವಸ್ತು ಅಲುಗಾಡುತ್ತಿದೆ ಎಂದರೆ ಯಾವುದಕ್ಕೆ ಹೋಲಿಸಿ ಅಲುಗಾಡುತ್ತಿದೆ ಎಂದು ಕೇಳುವುದು ನಮ್ಮ ಕಸುಬಿನ ಚಾಳಿ.

ಪರೀಕ್ಷೆಗೆ ಉಪಕರಣವೇನೂ ಬೇಡ. ಕನ್ನಡಿಯ ತಲೆಯನ್ನು ಒಂದು ಕೈಯಲ್ಲಿ ಹಿಡಿದು ಮೆಲ್ಲಗೆ ಮುಂದಕ್ಕೂ ಹಿಂದಕ್ಕೂ ಆಡಿಸಬೇಕು. ಇನ್ನೊಂದು ಕೈಯ ಬೆರಳನ್ನು ಮೊದಲು ತಲೆ ಮತ್ತು ಬುಡದ ಸಂದಿನಲ್ಲಿ, ನಂತರ ಬುಡ ಮತ್ತು ಬಾಗಿಲಿನ ಸಂದಿನಲ್ಲಿ, ಕೊನೆಗೆ ಬುಡದಿಂದ ನಾಲ್ಕು ಬೆರಳು ದೂರದಲ್ಲಿ ಬಾಗಿಲಿನ ಮೈಮೇಲೆಯೇ ಇಟ್ಟು ನೋಡಬೇಕು. ನನ್ನ ಕಾರಿನಲ್ಲಿ ಮೂರು ಕಡೆಯೂ ಬೆರಳಿಗೆ ಚಲನೆ ತಾಗಿತು. ಮೂರನೆಯದು ನನ್ನನ್ನು ಯೋಚನೆಗೆ ಹಚ್ಚಿತು. ಬುಡ ಸಡಿಲಗೊಂಡದ್ದು ನಿಜವೇ, ಆದರೆ ಅದರ ಜೊತೆಗೆ ಬಾಗಿಲಿನ ಮೈಯೇ ಒಳಕ್ಕೂ ಹೊರಕ್ಕೂ ಉಸಿರಾಡುತ್ತಿತ್ತು. ಹತ್ತಿರದಿಂದ ನೋಡಿದಾಗ ಬೋಲ್ಟಿನ ಸುತ್ತ ಬಣ್ಣದಲ್ಲಿ ನಕ್ಷತ್ರದಂತೆ ಕೂದಲೆಳೆಯ ಬಿರುಕುಗಳು ಹರಡಿದ್ದವು. ಫೈಬರ್ ಗ್ಲಾಸ್‌ನಲ್ಲಿ ಇಂಥ ಬಿರುಕು ಕಂಡರೆ ಆ ಜಾಗ ಪದೇ ಪದೇ ಬಾಗುತ್ತಿದೆ ಎಂದು ಅರ್ಥ. ಹೊಸ ಬುಡವನ್ನು ತಂದು ಅದೇ ತೂತುಗಳಿಗೆ ಬಿಗಿದಿದ್ದರೆ ಮುಂದಿನ ಮಳೆಗಾಲಕ್ಕೆ ಮತ್ತೆ ಅದೇ ಕಥೆ.

ಬಾಗಿಲಿನ ಒಳಹೊದಿಕೆ ಬಿಚ್ಚಿದಾಗ ಕಾರಣ ಕಣ್ಣೆದುರಿಗೇ ಬಂತು. ಹೊದಿಕೆಯ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನು ಹರಿಯದಂತೆ ಬಿಡಿಸಿ, ಟಾರ್ಚ್ ಬಿಟ್ಟು ನೋಡಿದರೆ ಬುಡವನ್ನು ಹಿಡಿದಿದ್ದವು ಮೂರು ಬೋಲ್ಟುಗಳು. ಎರಡರ ಹಿಂದೆ ನಾಲ್ಕಾಣೆ ನಾಣ್ಯಕ್ಕಿಂತ ಚಿಕ್ಕ ವಾಷರ್. ಮೂರನೆಯದು ಬೋಲ್ಟೇ ಅಲ್ಲ, ಫೈಬರಿಗೆ ನೇರವಾಗಿ ತಿರುವಿದ ಸ್ಕ್ರೂ. ಅದರ ತೂತು ಸವೆದು ಮೊಟ್ಟೆಯಾಕಾರಕ್ಕೆ ಬಂದಿತ್ತು. ಕನ್ನಡಿ ಬದಲಿಸಿದವರು ಅವಸರದಲ್ಲಿ ಮಾಡಿದ ಕೆಲಸ ಅದು. ತಗಡಿನ ಬಾಗಿಲಾಗಿದ್ದರೆ ಹೇಗೋ ನಡೆದುಹೋಗುತ್ತಿತ್ತು, ತಗಡು ಬಾಗಿದರೂ ಎಳೆ, ಅಂದರೆ ಸ್ಕ್ರೂ ಕಚ್ಚುವ ತಿರುವು, ಕಳೆದುಕೊಳ್ಳುವುದಿಲ್ಲ. ಫೈಬರ್ ಗ್ಲಾಸ್‌ಗೆ ಹರಡಿದ ಭಾರ ಎಷ್ಟಾದರೂ ಸರಿ. ಒಂದೇ ಬಿಂದುವಿಗೆ ಒತ್ತಿದರೆ ಅದು ಸೋಲುತ್ತದೆ. ಒಳಗಿನ ಗಾಜಿನ ನಾರು ಗಟ್ಟಿಯೇ, ಆದರೆ ಅದನ್ನು ಹಿಡಿದ ರಾಳ ಪುಡಿಯಾಗುತ್ತಾ ಬರುತ್ತದೆ, ತೂತು ಹಿಗ್ಗುತ್ತದೆ, ಹಿಗ್ಗಿದಷ್ಟೂ ಬೋಲ್ಟ್ ಗುದ್ದುತ್ತದೆ.

ಹಳೆಯ ಬುಡವನ್ನು ಕಳಚುವುದೇ ಒಂದು ಕಸರತ್ತಾಯಿತು. ಬೋಲ್ಟುಗಳು ಸಾದಾ ಉಕ್ಕಿನವು, ಬುಡ ಅಗ್ಗದ ಸತುವಿನ ಮಿಶ್ರಲೋಹದ್ದು. ವರ್ಷಗಟ್ಟಲೆ ನೀರು ಕುಡಿದು ಎರಡೂ ಒಂದಕ್ಕೊಂದು ಕಚ್ಚಿಕೊಂಡಿದ್ದವು. ಕಬ್ಬಿಣದ ಗಾಡಿಗಳಲ್ಲಿ ಇಂಥ ಬೋಲ್ಟಿಗೆ ಗ್ಯಾಸಿನ ಉರಿ ತೋರಿಸುತ್ತಾರೆ, ಬಿಸಿಯಾಗಿ ಹಿಗ್ಗಿದ ಕೂಡಲೇ ಪಾನಾ ತಿರುಗುತ್ತದೆ. ಇಲ್ಲಿ ಉರಿ ತೋರಿಸುವ ಹಾಗಿಲ್ಲ. ರಾಳ ಸುಟ್ಟು ಬಾಗಿಲೇ ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ಮತ್ತೆ ಸಿಂಪಡಿಸಿ, ತಿರುವುವ ಮೊದಲು ಒಂದಿಷ್ಟು ಬಿಗಿಯುವ ದಿಕ್ಕಿಗೇ ಒತ್ತಿ, ನಂತರ ಬಿಚ್ಚುವ ದಿಕ್ಕಿಗೆ ಒತ್ತಿ, ಹೀಗೆ ಪುಸಲಾಯಿಸಿದ ಮೇಲೆ ಬಲಗಡೆಯವು ಬಂದವು. ಎಡಗಡೆಯ ಒಂದು ಜಪ್ಪಯ್ಯ ಎಂದರೂ ಬರಲಿಲ್ಲ. ಅದರ ತಲೆಯನ್ನು ಡ್ರಿಲ್ ಹಾಕಿ ಹಾರಿಸಿದೆ. ಕೈಗೆ ಬಂದ ಬುಡದ ಒಳಮೈ ತುಂಬ ಬಿಳಿಯ ಪುಡಿ, ಸುಣ್ಣ ಬಳಿದ ಹಾಗೆ. ಉಗುರಿನಿಂದ ಒತ್ತಿದರೆ ಅಂಚು ಉದುರುತ್ತಿತ್ತು.

ಆ ಮಾದರಿಯ ಬುಡ ಹುಡುಕುತ್ತ ಗುಜರಿ ಅಂಗಡಿಗಳನ್ನು ಸುತ್ತುವ ಉಮೇದು ನನಗಿರಲಿಲ್ಲ. ಸಿಕ್ಕರೂ ಅದೇ ಸತು, ಅದೇ ವಯಸ್ಸು. ಸುತ್ತಲೂ ಫೌಂಡ್ರಿ, ಲೇತ್, ಮಿಲ್ಲಿಂಗ್ ಯಂತ್ರಗಳ ನಡುವೆ ದಿನ ಕಳೆಯುವವನು ಅಂಗೈಯಗಲದ ಒಂದು ಎರಕಕ್ಕಾಗಿ ಊರೂರು ಅಲೆಯುವುದು ನಾಚಿಕೆಗೇಡು ಎಂದೂ ಅನ್ನಿಸಿತು. ಬೆಳಗಾವಿ ಊರಿಗೆ ಕುಂದಾ ಎಷ್ಟು ಹೆಸರು ತಂದಿದೆಯೋ ಎರಕವೂ ಹೈಡ್ರಾಲಿಕ್ಸೂ ಅಷ್ಟೇ ಹೆಸರು ತಂದಿವೆ. ಕುಂದಾ ಬಾಯಿಗೆ ಸಿಗುತ್ತದೆ, ಎರಕ ಯಾವುದೋ ಟ್ರ್ಯಾಕ್ಟರಿನ ಹೊಟ್ಟೆಯಲ್ಲಿ ಅಡಗಿರುತ್ತದೆ, ಅಷ್ಟೇ ವ್ಯತ್ಯಾಸ.

ಡ್ರಾಯಿಂಗ್ ಬರೆಯುವ ಮೊದಲು ಬಾಗಿಲಿನ ಆಕಾರ ಬೇಕಿತ್ತು. ಕನ್ನಡಿ ಕೂರುವ ಜಾಗ ಸಪಾಟಲ್ಲ. ಮೇಲಿನಿಂದ ಕೆಳಕ್ಕೊಂದು ಬಾಗು, ಹಿಂದಿನಿಂದ ಮುಂದಕ್ಕೊಂದು ಬಾಗು. ಜೇಡಿಮಣ್ಣು ಒತ್ತಿ ಅಚ್ಚು ತೆಗೆಯೋಣವೆಂದು ನಮ್ಮ ಓಣಿಯ ಹತ್ತಿರ ಗಣಪತಿ ಮಾಡುವವರ ಬಳಿ ಹೋದೆ. ಅವರು ಕೇಳಿದ ತಕ್ಷಣವೇ ಬೇಡವೆಂದರು. "ಮಣ್ಣು ಒಣಗುವಾಗ ಕುಗ್ಗುತ್ತದೆ ಸರ್. ಹಸಿ ಇದ್ದಾಗ ನಿಮ್ಮ ಅಳತೆ, ಒಣಗಿದಾಗ ಅದರ ಅಳತೆ. ಪಿಒಪಿ ಒಯ್ಯಿರಿ." ಗಣಪತಿಗೆ ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್, ಬೇಡವೆಂದು ಎಲ್ಲರೂ ಹೇಳುವ ಕಾಲದಲ್ಲಿ ನನ್ನ ಬಾಗಿಲಿಗೆ ಅದೇ ಒದಗಿತು. ಬಾಗಿಲಿನ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸುಕ್ಕಿಲ್ಲದಂತೆ ಅಂಟಿಸಿ, ಸುತ್ತ ರಟ್ಟಿನ ಕಟ್ಟೆ ಕಟ್ಟಿ, ಗಟ್ಟಿ ಮೊಸರಿನ ಹದಕ್ಕೆ ಕಲಸಿದ ಪಿಒಪಿಯನ್ನು ಒತ್ತಿದೆ. ಅರ್ಧ ಗಂಟೆಯಲ್ಲಿ ಬೆಚ್ಚಗಾಗಿ ಗಟ್ಟಿಯಾಯಿತು. ಆ ತಗ್ಗಿನೊಳಗೆ ಮತ್ತೊಮ್ಮೆ ಪಿಒಪಿ ಎರೆದು, ಬಾಗಿಲಿನ ಮೈಯಂತೆಯೇ ಇರುವ ಅಚ್ಚು ತೆಗೆದೆ. ಎರಡೂ ಬಾಗಿಲಿನ ಅಚ್ಚು ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದರೆ ಅವು ಒಂದಕ್ಕೊಂದು ಸರಿಯಾದ ಪ್ರತಿಬಿಂಬವೂ ಆಗಿರಲಿಲ್ಲ. ಕೈಯಲ್ಲಿ ಪದರ ಹಾಸಿ ಮಾಡುವ ಮೈಗೆ ಅಷ್ಟು ಹೆಚ್ಚುಕಡಿಮೆ ಸಹಜ.

ಕೋನದ ಲೆಕ್ಕಕ್ಕೆ ನಾನು ಹೆಚ್ಚು ಹೊತ್ತು ಕೊಟ್ಟೆ. ಎಡ ಬಲ ಕನ್ನಡಿಗಳು ಒಂದೇ ಕೋನದಲ್ಲಿ ಇರುತ್ತವೆ ಎಂದು ಹಲವರು ಭಾವಿಸುತ್ತಾರೆ. ಚಾಲಕ ಕೂರುವುದು ಬಲಕ್ಕೆ. ಬಲಗನ್ನಡಿ ಅವನ ಹತ್ತಿರ, ಎಡಗನ್ನಡಿ ದೂರ. ಬೆಳಕು ಬಂದ ಕೋನದಲ್ಲೇ ಪ್ರತಿಫಲಿಸುವುದರಿಂದ ಎಡಗನ್ನಡಿಯ ಮುಖ ಚಾಲಕನ ಕಡೆಗೆ ಇನ್ನಷ್ಟು ತಿರುಗಿರಬೇಕು. ನನ್ನ ಆಸನದಿಂದ ದಾರ ಕಟ್ಟಿ ಅಳೆದಾಗ ಎರಡರ ನಡುವೆ ಹತ್ತು ಡಿಗ್ರಿಯ ಆಸುಪಾಸು ವ್ಯತ್ಯಾಸ ಬಂತು. ಕನ್ನಡಿಯ ಒಳಗಿನ ಗುಂಡು ಕೀಲಿನಿಂದ ಇಷ್ಟನ್ನು ತಿರುಗಿಸಿಕೊಳ್ಳಬಹುದು, ಆದರೆ ಕೀಲು ಒಂದು ಕೊನೆಗೆ ಹೋಗಿ ನಿಂತರೆ ಮತ್ತೆ ಹೊಂದಿಸಲು ಜಾಗ ಉಳಿಯುವುದಿಲ್ಲ. ಆದ್ದರಿಂದ ಈ ವ್ಯತ್ಯಾಸವನ್ನು ಬುಡದಲ್ಲೇ ಕೊಡಬೇಕೆಂದು ನಿಶ್ಚಯಿಸಿದೆ.

ಹಾಗೆಂದು ಎರಡು ಬೇರೆ ಬೇರೆ ಪ್ಯಾಟರ್ನ್, ಅಂದರೆ ಎರಕದ ಮರಳಿನಲ್ಲಿ ಅಚ್ಚು ಮೂಡಿಸುವ ಮಾದರಿ, ಮಾಡಿಸುವುದು ದುಬಾರಿ. ಅದಕ್ಕೊಂದು ಉಪಾಯ ಹೊಳೆಯಿತು. ಎಡ ಬಲ ಎನ್ನದ, ನಡುಗೆರೆಯ ಎರಡೂ ಬದಿಗೆ ಸಮನಾದ ಒಂದೇ ಆಕಾರವನ್ನು ಬರೆದೆ. ಬಾಗಿಲಿಗೆ ತಾಗುವ ಮುಖದಲ್ಲಿ ಸುಮಾರು ಆರು ಮಿಲಿಮೀಟರ್ ಹೆಚ್ಚುವರಿ ದಪ್ಪ ಬಿಟ್ಟೆ. ಎರಕ ಒಂದೇ ಬಗೆಯದು; ಮಿಲ್ಲಿಂಗ್ ಮಾಡುವಾಗ ಒಂದನ್ನು ಎಡದ ಓರೆಗೆ, ಇನ್ನೊಂದನ್ನು ಬಲದ ಓರೆಗೆ ಕತ್ತರಿಸಿದರಾಯಿತು. ಕೊನೆಯ ಬಾಗನ್ನು ಪಿಒಪಿ ಅಚ್ಚಿಗೆ ಹೊಂದಿಸಿ ಅರದಿಂದ ಉಜ್ಜಿಕೊಳ್ಳುವುದು ನನ್ನ ಪಾಲಿನ ಕೆಲಸ.

ಇನ್ನೊಂದು ವಿಷಯವನ್ನು ಡ್ರಾಯಿಂಗಿನಲ್ಲಿ ಮರೆಯುವಂತಿರಲಿಲ್ಲ. ಕನ್ನಡಿ ಪೆಟ್ಟು ಬಿದ್ದಾಗ ಮಡಚಿಕೊಳ್ಳಬೇಕು. ಖಡೇ ಬಜಾರಿನಲ್ಲಿ ಸಂಜೆ ಗಾಡಿ ತೆಗೆದುಕೊಂಡು ಹೋದವರಿಗೆ ಇದನ್ನು ವಿವರಿಸಬೇಕಿಲ್ಲ. ಕನ್ನಡಿಗೆ ಚೀಲ ತಾಗುತ್ತದೆ, ಮೊಣಕೈ ತಾಗುತ್ತದೆ, ಬೈಕಿನ ಹ್ಯಾಂಡಲ್ ತಾಗುತ್ತದೆ. ಮಡಚದ ಕನ್ನಡಿ ಎದುರಿನವರಿಗೂ ಅಪಾಯ, ಬಾಗಿಲಿಗೂ ಅಪಾಯ. ತಲೆಯ ಕೆಳಗೆ ಒಂದು ಸ್ಪ್ರಿಂಗ್, ಮೂರು ಪುಟ್ಟ ಉಬ್ಬುಗಳು ಇರುತ್ತವೆ. ಬುಡದಲ್ಲಿ ಅವಕ್ಕೆ ಸರಿಯಾಗಿ ಮೂರು ತಗ್ಗುಗಳು ಬೇಕು. ಉಬ್ಬು ತಗ್ಗಿನಲ್ಲಿ ಕೂತಾಗ ಕನ್ನಡಿ ನೆಟ್ಟಗೆ ನಿಲ್ಲುತ್ತದೆ, ಜೋರಾಗಿ ತಳ್ಳಿದರೆ ಉಬ್ಬು ಜಾರಿ ಮಡಚಿಕೊಳ್ಳುತ್ತದೆ. ಹಳೆಯ ಬುಡದಲ್ಲಿ ಈ ತಗ್ಗುಗಳು ಸವೆದು ನುಣ್ಣಗಾಗಿದ್ದವು. ತಲೆಗೂ ಬುಡಕ್ಕೂ ನಡುವಿನ ಅಲುಗಾಟದ ಮೂಲ ಅಲ್ಲಿತ್ತು.

ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿಗಳಲ್ಲಿ ಬಹುಪಾಲು ಕಬ್ಬಿಣ ಎರೆಯುವವು. ಅಲ್ಯೂಮಿನಿಯಂ ಎರೆಯುವ ಚಿಕ್ಕ ಶೆಡ್ಡುಗಳು ಬೇರೆಯೇ ಇವೆ. ಮೂರನೇ ರೈಲ್ವೆ ಗೇಟಿನ ಮೇಲ್ಸೇತುವೆ ದಾಟಿ ಒಳಗೆ ತಿರುಗಿದರೆ ಸಿಗುವ ಅಂಥದ್ದೊಂದು ಶೆಡ್ಡಿಗೆ ಹೋದೆ. ಅದನ್ನು ನಡೆಸುವ ಹಿರಿಯರನ್ನು ಎಲ್ಲರೂ ಕಾಕಾ ಎಂದೇ ಕರೆಯುತ್ತಾರೆ. ಮನೆಮಾತು ಮರಾಠಿ, ಕೂಲಿಯವರೊಂದಿಗೆ ಕನ್ನಡ, ಸಿಟ್ಟು ಬಂದರೆ ಹಿಂದಿ. ಡ್ರಾಯಿಂಗನ್ನು ತಿರುವಿ ಮುರುವಿ ನೋಡಿ ಕೇಳಿದರು:

"ಎಷ್ಟು ಪೀಸು?"

"ಎರಡು, ಕಾಕಾ."

"ಎರಡು ಸಾವಿರವೇ?"

"ಎರಡೇ."

ಕನ್ನಡಕ ತೆಗೆದು ಒರೆಸಿಕೊಂಡರು. "ಎರಡು ಪೀಸಿಗೆ ಯಾರು ಭಟ್ಟಿ ಹೊತ್ತಿಸುತ್ತಾರೆ ಸಾಹೇಬರೇ? ಪ್ಯಾಟರ್ನ್ ತಂದುಕೊಡಿ. ಬೇರೆ ಪಾರ್ಟಿಯ ಮಾಲು ಎರೆಯುವ ದಿನ ಮೂಲೆಯಲ್ಲಿ ನಿಮ್ಮದೊಂದು ಪೆಟ್ಟಿಗೆ ಕೂರಿಸುತ್ತೇನೆ. ಇಂಥದೇ ದಿನ ಎಂದು ಕೇಳಬೇಡಿ. ಎರಡಲ್ಲ, ನಾಲ್ಕು ಎರೆಯುತ್ತೇನೆ, ಎರಡು ಕೆಟ್ಟರೆ ಎರಡು ಉಳಿಯಲಿ."

ಈ ಕೊನೆಯ ಮಾತಿಗಾಗಿಯೇ ಕಾಕಾ ನನಗೆ ಇಷ್ಟವಾದರು.

ಪ್ಯಾಟರ್ನನ್ನು ತೇಗದಲ್ಲಿ ಮಾಡಿಸಿದೆ. ಕರಗಿದ ಅಲ್ಯೂಮಿನಿಯಂ ತಣಿದು ಗಟ್ಟಿಯಾಗುವಾಗ ನೂರಕ್ಕೆ ಸುಮಾರು 1.3ರಷ್ಟು ಕುಗ್ಗುತ್ತದೆ. ಆದ್ದರಿಂದ ಪ್ಯಾಟರ್ನ್ ಅಷ್ಟು ದೊಡ್ಡದಿರಬೇಕು. ನನ್ನ ಬುಡದ ಉದ್ದ 95 ಮಿಲಿಮೀಟರ್. ಅದಕ್ಕೆ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು ಸೇರಿತು. ಪ್ಯಾಟರ್ನ್ ಮಾಡುವವರ ಬಳಿ ಇದಕ್ಕೆಂದೇ ಹಿಗ್ಗಿಸಿ ಗುರುತು ಹಾಕಿದ ಅಳತೆಪಟ್ಟಿ ಇರುತ್ತದೆ, ಅವರು ಲೆಕ್ಕ ಹಾಕುವ ಗೋಜಿಗೇ ಹೋಗುವುದಿಲ್ಲ. ಮರಳಿನಿಂದ ಸಲೀಸಾಗಿ ಎತ್ತಲು ಬದಿಗಳಿಗೆ ಸ್ವಲ್ಪ ಇಳಿಜಾರು, ಮೂಲೆಗಳಿಗೆ ದುಂಡು. ನಾನು ಚೂಪಾಗಿ ಬರೆದಿದ್ದ ಒಂದು ಒಳಮೂಲೆಯನ್ನು ಪ್ಯಾಟರ್ನಿನವರು ಕೇಳದೆಯೇ ದುಂಡಾಗಿಸಿದ್ದರು. ಚೂಪು ಮೂಲೆಯಲ್ಲಿ ಎರಕ ಬಿರಿಯುತ್ತದೆ ಎಂಬುದು ಅವರ ಸಮಜಾಯಿಷಿ, ಒಪ್ಪತಕ್ಕದ್ದೇ.

ಎರೆಯುವ ದಿನ ಫೋನ್ ಬಂದಾಗ ಊಟ ಬಿಟ್ಟು ಓಡಿದೆ. ಲೋಹ ಎಲ್‌ಎಂ6 ಎಂಬ ಮಿಶ್ರಣ, ಅದರಲ್ಲಿ ಸಿಲಿಕಾನ್ ನೂರಕ್ಕೆ 10ರಿಂದ 13ರಷ್ಟು. ಮರಳಿನ ಅಚ್ಚಿನ ಮೂಲೆಮೂಲೆಗೂ ಚೆನ್ನಾಗಿ ಹರಿಯುತ್ತದೆ, ಉಪ್ಪುಗಾಳಿಗೂ ಜಗ್ಗುವುದಿಲ್ಲ. ಗೋವಾಕ್ಕೆ ಹೋಗಿಬರುವ ಗಾಡಿಗೆ ಅದಕ್ಕಿಂತ ಬೇರೆ ಬೇಕಿಲ್ಲ. ಕಬ್ಬಿಣದ ಫೌಂಡ್ರಿಯ ಕಿಡಿಗಳ ಅಬ್ಬರ ಇಲ್ಲಿ ಇಲ್ಲ. ಏಳುನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಅಲ್ಯೂಮಿನಿಯಂ ಹಗಲು ಬೆಳಕಿನಲ್ಲಿ ಕೆಂಪಗೂ ಕಾಣದೆ ಬೆಳ್ಳಿಯ ಹಾಗೆ ತಣ್ಣಗೆ ಕಾಣುತ್ತದೆ. ಹೊಸಬರು ಮೋಸಹೋಗುವುದು ಹೀಗೆ ಎಂದು ಕಾಕಾ ಎಚ್ಚರಿಸಿದರು. ಬಿಸಿ ಇಲ್ಲವೆಂದು ಹತ್ತಿರ ಹೋಗುತ್ತಾರೆ. ಮೂಸೆಯೊಳಗೆ ಅನಿಲ ಹೊರಹಾಕುವ ಗುಳಿಗೆಯೊಂದನ್ನು ಕಬ್ಬಿಣದ ಗಂಟೆಯಾಕಾರದ ಸಲಾಕೆಯಲ್ಲಿ ಅದುಮಿ ಹಿಡಿದರು. ಗುಳುಗುಳು ಶಬ್ದ, ಬಿಳಿ ಹೊಗೆ. ಮೇಲೆ ತೇಲಿದ ಕಿಟ್ಟವನ್ನು ಬಾಚಿ ತೆಗೆದು, ಸೌಟಿನಲ್ಲಿ ಎತ್ತಿ, ಒಂದೇ ಧಾರೆಯಲ್ಲಿ ಸುರಿದರು. ಧಾರೆ ತುಂಡಾಗಬಾರದು, ತುಂಡಾದರೆ ಮೊದಲು ಬಿದ್ದದ್ದರ ಮೇಲೆ ಪೊರೆ ಕಟ್ಟಿ ನಂತರದ್ದು ಅದರೊಂದಿಗೆ ಬೆಸೆಯುವುದಿಲ್ಲ.

ನಾಲ್ಕರಲ್ಲಿ ಒಂದಕ್ಕೆ ಕತ್ತರಿಸಿದಾಗ ಸೂಜಿಮೊನೆಯಷ್ಟು ತೂತುಗಳು ಕಂಡವು. ಮಳೆಗಾಲದ ತೇವಕ್ಕೆ ಹಾಗಾಗುತ್ತದಂತೆ. ಕಾಕಾ ಅದನ್ನು ಮಾತಿಲ್ಲದೆ ಮತ್ತೆ ಮೂಸೆಗೆ ಎಸೆದರು. ಉಳಿದ ಮೂರು ಗಟ್ಟಿಯಾಗಿದ್ದವು. ನಮ್ಮ ಜಿಲ್ಲೆಯಲ್ಲೇ ಯಮನಾಪುರದಲ್ಲಿ ಅಲ್ಯೂಮಿನಾ ತಯಾರಾಗುತ್ತದೆ, ಆದರೆ ಈ ಮೂಸೆಯಲ್ಲಿ ಕರಗಿದ ಲೋಹ ಯಾವ ಊರಿನ ಯಾವ ಪಾತ್ರೆಯ ಯಾವ ಪಿಸ್ಟನ್ನಿನ ಅವತಾರ ಮುಗಿಸಿ ಬಂದಿತ್ತೋ ದೇವರೇ ಬಲ್ಲ.

ಮಿಲ್ಲಿಂಗ್ ಕೆಲಸವನ್ನು ಪರಿಚಯದವರೊಬ್ಬರು ಶಿಫ್ಟಿನ ನಡುವೆ ಮಾಡಿಕೊಟ್ಟರು. ಓರೆ ಕತ್ತರಿಸಿ, ಮಡಚುವ ತಗ್ಗುಗಳನ್ನು ದುಂಡುಮೂತಿಯ ಕಟರಿನಿಂದ ಕೊರೆದು, ಕೆಳಮುಖದಲ್ಲಿ ಎಂ6, ಅಂದರೆ 6 ಮಿಲಿಮೀಟರ್ ವ್ಯಾಸದ, ಬೋಲ್ಟಿಗೆ 5 ಮಿಲಿಮೀಟರ್ ತೂತು ಹಾಕಿ ಟ್ಯಾಪ್ ತಿರುವಿ ಎಳೆ ಕೊರೆದರು. ಅಲ್ಯೂಮಿನಿಯಂನಲ್ಲಿ ಎಳೆ ಬೇಗ ಸವೆಯುತ್ತದೆ ಎಂದು ತೂತಿನ ಆಳವನ್ನು ಬೋಲ್ಟಿನ ವ್ಯಾಸದ ಎರಡರಷ್ಟಕ್ಕೆ ಇಟ್ಟಿದ್ದೆ. ಆಮೇಲೆ ಪಿಒಪಿ ಅಚ್ಚಿಗೆ ಕಾರ್ಬನ್ ಕಾಗದ ಸುತ್ತಿ, ಬುಡವನ್ನು ಒತ್ತಿ, ಕಪ್ಪು ತಾಗಿದ ಕಡೆ ಅರದಿಂದ ಉಜ್ಜಿ, ಮತ್ತೆ ಒತ್ತಿ, ಮತ್ತೆ ಉಜ್ಜಿ. ಮನೆಯವರು ಸಂಜೆಯ ಧಾರಾವಾಹಿ ನೋಡುವಷ್ಟು ಹೊತ್ತು ನಾನು ವರಾಂಡದಲ್ಲಿ ಕೂತು ಉಜ್ಜುತ್ತಿದ್ದೆ. ಕಪ್ಪು ಇಡೀ ಮುಖಕ್ಕೆ ಸಮನಾಗಿ ಹತ್ತಿದಾಗ ನಿಲ್ಲಿಸಿದೆ.

ಇಷ್ಟೆಲ್ಲ ಆದರೂ ಅಸಲಿ ಕೆಲಸ ಇನ್ನೂ ಬಾಕಿ ಇತ್ತು. ನೋಡುವವರ ಕಣ್ಣಿಗೆ ಹೊಳೆಯುವುದು ಹೊಸ ಬುಡ. ಗಾಡಿಗೆ ಬೇಕಾದದ್ದು ಬಾಗಿಲಿನ ಹಿಂಬದಿಯ ಬಲ. ಅನಗೋಳದಲ್ಲಿ ಲಾರಿಗಳಿಗೆ ಫೈಬರ್ ಕೆಲಸ ಮಾಡುವವರೊಬ್ಬರು ಮನೆಗೇ ಬಂದು ಮಾಡಿಕೊಡಲು ಒಪ್ಪಿದರು. ಮಳೆ ಬಿಡುವವರೆಗೂ ಕಾಯಬೇಕೆಂಬುದು ಅವರ ಷರತ್ತು. ನಾರಿನ ಹಾಳೆಗೆ ತೇವ ಹತ್ತಿದರೆ ರಾಳ ಹಿಡಿಯುವುದಿಲ್ಲ. ಅಕ್ಟೋಬರ್ ಬಿಸಿಲು ಬಂದ ಮೇಲೆ ಬಾಗಿಲು ಕಳಚಿ ಎರಡು ಸ್ಟೂಲುಗಳ ಮೇಲೆ ಮಲಗಿಸಿದೆವು.

ಮೊದಲು ಹಳೆಯ ಪುಟ್ಟಿಯನ್ನೆಲ್ಲ ಕೆರೆದು ತೆಗೆದೆವು. ಪ್ರತಿ ಬಿರುಕಿನ ತುದಿಗೂ ಒಂದು ಸಣ್ಣ ತೂತು ಹಾಕಿದರು, ಬಿರುಕು ಅಲ್ಲಿಗೇ ನಿಲ್ಲಲೆಂದು. ಒಳಬದಿಯನ್ನು ಗ್ರೈಂಡರಿನಿಂದ ಅಗಲವಾಗಿ, ತಟ್ಟೆಯ ಅಂಚಿನ ಹಾಗೆ ಇಳಿಜಾರಾಗಿ ಉಜ್ಜಿದರು. ಅದರ ದೂಳು ಚರ್ಮಕ್ಕೆ ತಾಗಿದರೆ ಎರಡು ದಿನ ತುರಿಸುತ್ತದೆ, ಶ್ವಾಸಕೋಶಕ್ಕಂತೂ ಒಳ್ಳೆಯದಲ್ಲ. ಅವರು ಮೂಗಿಗೆ ಟವೆಲ್ ಸುತ್ತಿಕೊಂಡು ಶುರು ಮಾಡಲು ಹೊರಟಾಗ ತಡೆದು ಸರಿಯಾದ ಮಾಸ್ಕ್ ಕೊಟ್ಟೆ. ನಕ್ಕು ಹಾಕಿಕೊಂಡರು.

ರಾಳ ಕಲಸುವುದನ್ನು ಮಾತ್ರ ಅವರು ಬೇರೆ ಯಾರ ಕೈಗೂ ಕೊಡುವುದಿಲ್ಲ. ಪಾಲಿಯೆಸ್ಟರ್ ರಾಳಕ್ಕೆ ಮೊದಲು ಕೋಬಾಲ್ಟ್ ಸೇರಿಸಿ ಚೆನ್ನಾಗಿ ಕದಡಬೇಕು. ಅದು ಪೂರ್ತಿ ಬೆರೆತ ಮೇಲೆ ಗಟ್ಟಿ ಮಾಡುವ ಪೆರಾಕ್ಸೈಡ್ ದ್ರವ, ನೂರಕ್ಕೆ ಒಂದೆರಡರಷ್ಟು. ಕೋಬಾಲ್ಟನ್ನೂ ಪೆರಾಕ್ಸೈಡನ್ನೂ ನೇರವಾಗಿ ಒಂದರೊಳಗೊಂದು ಸುರಿದರೆ ಸಿಡಿಯುತ್ತದೆ. ಅದಕ್ಕೇ ಅವರ ಚೀಲದಲ್ಲಿ ಆ ಎರಡು ಬಾಟಲಿಗಳು ಎಂದೂ ಒಂದೇ ಖಾನೆಯಲ್ಲಿ ಇರುವುದಿಲ್ಲ. ಚದರ ಮೀಟರಿಗೆ 450 ಗ್ರಾಂ ತೂಗುವ ನಾರಿನ ಹಾಳೆಯನ್ನು ಒಂದಕ್ಕಿಂತ ಒಂದು ದೊಡ್ಡದಾಗಿ ಕತ್ತರಿಸಿಟ್ಟಿದ್ದರು. ಒಣಗಿದ್ದಾಗ ಬಿಳಿಯಾಗಿ ಕಾಣುವ ಹಾಳೆ ರಾಳ ಕುಡಿದಂತೆ ಪಾರದರ್ಶಕವಾಗುತ್ತದೆ. ಎಲ್ಲಿ ಬಿಳಿ ಉಳಿಯಿತೋ ಅಲ್ಲಿ ಗಾಳಿ ಇದೆ. ಚಿಕ್ಕ ಗೀರುಗೀರಿನ ರೋಲರಿನಿಂದ ನಡುವಿನಿಂದ ಅಂಚಿಗೆ ಒತ್ತುತ್ತ ಆ ಬಿಳಿಯನ್ನೆಲ್ಲ ಓಡಿಸಿದರು. ಒಂದು ಪದರ ಗಟ್ಟಿಯಾದರೆ ಸುಮಾರು ಒಂದು ಮಿಲಿಮೀಟರ್ ದಪ್ಪ. ನಾಲ್ಕು ಪದರ ಹಾಕಿಸಿದೆ.

ಅದರ ಮೇಲೆ 3 ಮಿಲಿಮೀಟರ್ ದಪ್ಪದ ಅಲ್ಯೂಮಿನಿಯಂ ಫಲಕ, ಅಂಗೈಗಿಂತ ಅಗಲ, ಮೂಲೆಗಳು ದುಂಡು. ಪಾಲಿಯುರೆಥೇನ್ ಸೀಲಂಟಿನಿಂದ ಅಂಟಿಸಿದೆ. ಗಟ್ಟಿ ಅಂಟು ಹಾಕಿದ್ದರೆ ಫಲಕದ ಅಂಚಿನಲ್ಲಿ ಮತ್ತೆ ಹೊಸ ಬಿರುಕಿಗೆ ದಾರಿಯಾಗುತ್ತಿತ್ತು. ಸೀಲಂಟ್ ತುಸು ಹಿಗ್ಗಿ ಕುಗ್ಗುತ್ತದೆ. ಕಿಟಕಿಯ ಗಾಜು ಇಳಿಯುವ ದಾರಿ ಅಲ್ಲಿಂದ ಎರಡು ಬೆರಳಿನಷ್ಟೂ ದೂರವಿಲ್ಲದ್ದರಿಂದ ಬೋಲ್ಟಿನ ದಿಕ್ಕನ್ನೇ ತಿರುಗಿಸಿದ್ದೆ. ಒಳಗಿನಿಂದ ಹೊರಕ್ಕೆ ಹೋಗುವ ಬೋಲ್ಟ್, ಚಪ್ಪಟೆ ತಲೆ, ಎಳೆ ಇರುವುದು ಬುಡದೊಳಗೆ. ಹೊರಗಿನಿಂದ ನೋಡಿದರೆ ಒಂದೂ ಬೋಲ್ಟ್ ಕಾಣುವುದಿಲ್ಲ, ಕಳ್ಳನಿಗೂ ಸುಲಭವಿಲ್ಲ.

ತೂತು ಹಾಕುವ ಮೊದಲು ಬಾಗಿಲನ್ನು ಮತ್ತೆ ಕೂರಿಸಿ, ಬುಡಗಳನ್ನು ಟೇಪಿನಿಂದ ತಾತ್ಕಾಲಿಕವಾಗಿ ಅಂಟಿಸಿ, ನನ್ನ ಆಸನದಲ್ಲಿ ನಾನು ದಿನಾ ಕೂರುವ ಹಾಗೆಯೇ ಕೂತೆ. ಪಕ್ಕದ ಮನೆಯ ಹುಡುಗ ಸ್ಕೂಟರ್ ತಳ್ಳಿಕೊಂಡು ಹಿಂದಿನಿಂದ ನಿಧಾನ ಬಂದ. "ಮಾಮಾ, ಈಗ ಕಾಣುತ್ತೇನೆಯೇ? ಈಗ?" ಎಂದು ಕೇಳುತ್ತ ಬಂದವನು ಬಲಗನ್ನಡಿಯಿಂದ ಮಾಯವಾದ ಕ್ಷಣವೇ ನನ್ನ ಕಣ್ಣಂಚಿಗೆ ನೇರವಾಗಿ ಸಿಕ್ಕ. ಹಾಗೆ ಸಿಗಬೇಕು. ನಡುವೆ ಅವನು ಎಲ್ಲೂ ಇಲ್ಲದ ಹಾಗೆ ಕಳೆದುಹೋದರೆ ಆ ಜಾಗದಲ್ಲಿ ನಾಳೆ ಒಬ್ಬ ಬೈಕಿನವನು ಇರುತ್ತಾನೆ. ಬುಡಗಳು ನಿಂತ ಜಾಗಕ್ಕೆ ಗುರುತು ಹಾಕಿದೆ.

ಬಿಗಿಯುವ ವಿವರ ಹೆಚ್ಚಿಲ್ಲ. ತೂತು ಹಾಕುವ ಜಾಗಕ್ಕೆ ಟೇಪ್ ಅಂಟಿಸಿ, ಬಣ್ಣದ ಪದರ ದಾಟುವವರೆಗೆ ಡ್ರಿಲ್ಲನ್ನು ಉಲ್ಟಾ ತಿರುಗಿಸಿದರೆ ಅಂಚು ಸಿಡಿಯುವುದಿಲ್ಲ. ಬುಡಕ್ಕೂ ಬಾಗಿಲಿಗೂ ನಡುವೆ 2 ಮಿಲಿಮೀಟರ್ ರಬ್ಬರ್ ಹಾಳೆ. ಬೋಲ್ಟ್ ಸ್ಟೇನ್‌ಲೆಸ್ ಉಕ್ಕಿನದು; ಅದು ಅಲ್ಯೂಮಿನಿಯಂಗೆ ನೇರ ತಾಗಿ ನೀರೂ ಸೇರಿದರೆ ಸವೆಯುವುದು ಅಲ್ಯೂಮಿನಿಯಂ. ಹಾಗಾಗಿ ತಲೆಯ ಕೆಳಗೆ ನೈಲಾನ್ ವಾಷರ್, ಎಳೆಗೆ ದಪ್ಪ ಗ್ರೀಸು. ಚಿಕ್ಕ ಪಾನಾ ಹಿಡಿದು ಮಣಿಕಟ್ಟಿನ ಬಲವಷ್ಟೇ ಹಾಕಿದೆ. ರಬ್ಬರ್ ಅಂಚಿನಲ್ಲಿ ತುಸು ಉಬ್ಬಿದರೆ ಸಾಕು. ಮೊಣಕೈಯ ಬಲ ಹಾಕುವವರಿಗೆ ಫೈಬರ್ ಗಾಡಿ ಒಗ್ಗುವುದಿಲ್ಲ.

ಹೆದ್ದಾರಿ 48ರಲ್ಲಿ ಕಾಕತಿ ದಾಟಿ ವಂಟಮೂರಿ ಘಟ್ಟದವರೆಗೆ ಓಡಿಸಿದೆ. ಎಂಬತ್ತರಲ್ಲಿ ಹಿಂದಿನ ಲಾರಿಯ ನಂಬರ್ ಪ್ಲೇಟು ಎಡಗನ್ನಡಿಯಲ್ಲಿ ತಲೆಕೆಳಗಲ್ಲದಿದ್ದರೂ ಹಿಂದುಮುಂದಾಗಿ, ಒಂದೊಂದು ಅಂಕಿಯೂ ಬಿಡಿಯಾಗಿ ಕಂಡಿತು. ನಿಂತಲ್ಲೇ ಎಂಜಿನ್ ತಿರುಗುವಾಗ ಸಣ್ಣದೊಂದು ನಡುಕ ಉಳಿದಿದೆ. ಅದು ತಲೆಯೊಳಗಿನ ಗುಂಡು ಕೀಲಿನದು, ಬುಡದ್ದಲ್ಲ, ಬೆರಳಿಟ್ಟು ನೋಡಿದ್ದೇನೆ. ವಾರ ಕಳೆದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಮುಟ್ಟಿ ನೋಡಿದಾಗ ರಬ್ಬರ್ ಕೂತಷ್ಟು, ಕಾಲು ಸುತ್ತು, ತಿರುಗಿದವು. ಆಮೇಲೆ ತಿರುಗಿಲ್ಲ.

ಖರ್ಚಿನ ಬಹುಪಾಲು ಹೋದದ್ದು ಪ್ಯಾಟರ್ನಿಗೆ ಮತ್ತು ಫೈಬರ್ ಕೆಲಸಕ್ಕೆ. ಕಾಕಾ ಲೋಹದ ತೂಕಕ್ಕಷ್ಟೇ ಹಣ ತೆಗೆದುಕೊಂಡರು, ಮೇಲೆ ಚಹಾ ಕುಡಿಸಿ ಕಳಿಸಿದರು. ತೇಗದ ಪ್ಯಾಟರ್ನ್ ನನ್ನ ಕಪಾಟಿನಲ್ಲಿದೆ, ಮೂರನೆಯ ಎರಕವೂ ಕತ್ತರಿಸದೆ ಹಾಗೇ ಇದೆ. ಇಂಥದೇ ಗಾಡಿ ಇರುವವರು ಬೇಕೆಂದರೆ ಒಯ್ಯಬಹುದು. ಆದರೆ ಓರೆಯನ್ನೂ ತೂತಿನ ಜಾಗವನ್ನೂ ನನ್ನ ಡ್ರಾಯಿಂಗ್ ನೋಡಿ ಹಾಕಬೇಡಿ. ನಿಮ್ಮ ಬಾಗಿಲಿಗೆ ನೀವೇ ಪಿಒಪಿ ಒತ್ತಿ, ನಿಮ್ಮ ಆಸನದಲ್ಲಿ ನೀವೇ ಕೂತು, ಹಿಂದೆ ಯಾರನ್ನಾದರೂ ಸ್ಕೂಟರ್ ತಳ್ಳಿಕೊಂಡು ಬರಲು ಹೇಳಿ.